ಕೋಡಿ ಬಿದ್ದ ವರುಷದಲ್ಲಿ ಬರದ ಸೀಮೆಯ ಪಯಣ

ತುಂಬಿದ ಮನೆಯಲ್ಲಿ ಕೊರತೆಯ ಮಾತನ್ನು ಎತ್ತಬಾರದೆಂದು ನಮ್ಮ ಕಡೆಯ ಹಿರಿಯರು ಹೇಳುವುದುಂಟು. ಆದರೂ 2025ರ ಫಾಲ್ಗುಣ ಮಾಸದಲ್ಲಿ ಚಿತ್ರದುರ್ಗದ ಸೀಮೆಯಲ್ಲಿ ನಾಲ್ಕು ದಿನ ಸಂಚರಿಸಿ ಬಂದ ಮೇಲೆ ಬರದ ವಿಷಯವನ್ನೇ ಬರೆಯಬೇಕೆಂದು ನನ್ನ ಮನಸ್ಸು ಒತ್ತಾಯಿಸಿತು. ಆ ವರುಷದ ಜನವರಿಯಲ್ಲಿ ವಾಣಿವಿಲಾಸ ಸಾಗರವು ಕೋಡಿ ಬಿದ್ದಿತ್ತು. ಹಿಂದಿನ ಮಳೆಗಾಲವೂ ಕೈಕೊಟ್ಟಿರಲಿಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ, ಜಾತ್ರೆಯಲ್ಲಿ ಕಂಡವರೆಲ್ಲರ ಮುಖದಲ್ಲೂ ನೆಮ್ಮದಿ ಇತ್ತು. ಎರಡೇ ವರುಷದ ಹಿಂದೆ ಮೇವಿಲ್ಲದೆ ದನಗಳನ್ನು ಮಾರಿದ ಜನರ ಬಾಯಲ್ಲಿ ಬರದ ಹೆಸರೇ ಇರಲಿಲ್ಲ. ಸಂತೋಷಪಡಬೇಕಾದ ಸಂಗತಿಯೇ ಸರಿ. ಆದರೂ ನನ್ನೊಳಗೆ ಒಂದು ಅಳುಕು ಉಳಿಯಿತು.

ನಾನು ಹೊರಟಿದ್ದು ಎರಡು ಕಾರಣಗಳಿಗಾಗಿ. ನಾಯಕನಹಟ್ಟಿಯ ಜಾತ್ರೆಯ ಸಂದರ್ಭದಲ್ಲಿ ಸಮೀಪದ ಹಳ್ಳಿಯೊಂದರ ಭಕ್ತರು ಉಪನ್ಯಾಸಕ್ಕೆ ಕರೆದಿದ್ದರು. ಅದಕ್ಕೂ ಮೊದಲು ಹುಟ್ಟೂರಿಗೆ ಹೋಗಬೇಕಾಗಿತ್ತು. ನನ್ನ ತಮ್ಮನ ಮಗ ಬ್ಯಾಂಕಿನ ಕಾಗದಗಳಿಗೆ ನನ್ನ ಸಹಿ ಬೇಕೆಂದು ಹೇಳಿಕಳುಹಿಸಿದ್ದ.

ಹುಟ್ಟೂರಿನ ತೋಟ

ನಮ್ಮದು ಹೊಸದುರ್ಗ ತಾಲ್ಲೂಕಿನ ಒಂದು ಸಣ್ಣ ಗ್ರಾಮ. ಪಶ್ಚಿಮ ಘಟ್ಟಗಳು ಮುಂಗಾರಿನ ಮೋಡಗಳನ್ನು ತಡೆದು ಮಲೆನಾಡಿನಲ್ಲಿಯೇ ಸುರಿಸಿಬಿಡುವುದರಿಂದ, ಘಟ್ಟದ ಪೂರ್ವಕ್ಕಿರುವ ಈ ಜಿಲ್ಲೆ ಮಳೆಯ ನೆರಳಿನಲ್ಲಿ ಬೀಳುತ್ತದೆ. ವರುಷದ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು. ಪೂರ್ವಕ್ಕೆ, ಚಳ್ಳಕೆರೆ ಮೊಳಕಾಲ್ಮೂರಿನ ಕಡೆಗೆ ಹೋದಂತೆ ಅದಕ್ಕಿಂತಲೂ ಕಡಿಮೆ. ಅದರಲ್ಲಿ ಹೆಚ್ಚಿನ ಪಾಲು ಬರುವುದು ಉತ್ತರೆ, ಹಸ್ತ, ಚಿತ್ತೆಗಳಲ್ಲಿ, ಅಂದರೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಈ ಲೆಕ್ಕವನ್ನು ಅರಿತೇ ನಮ್ಮ ಹಿರಿಯರು ಸಾವೆ, ರಾಗಿ, ಜೋಳ, ಹುರುಳಿ, ತೊಗರಿಗಳನ್ನು ನೆಚ್ಚಿಕೊಂಡಿದ್ದರು.

1990ರ ದಶಕದಲ್ಲಿ ನನ್ನ ತಮ್ಮ ಸಾವೆಯ ಹೊಲದಲ್ಲಿ ತೆಂಗು ಅಡಿಕೆಗಳನ್ನು ಇಟ್ಟನು. ಮೊದಲ ಕೊಳವೆಬಾವಿಯಲ್ಲಿ ನೂರೆಂಬತ್ತು ಅಡಿಗೆ ನೀರು ಬಂದಿತು. ಹತ್ತು ವರುಷದ ಮೇಲೆ ಎರಡನೆಯದನ್ನು ನಾನೂರು ಅಡಿಗೆ, ಮತ್ತೆ ಹತ್ತು ವರುಷಕ್ಕೆ ಮೂರನೆಯದನ್ನು ಏಳುನೂರು ಅಡಿಗೆ ಇಳಿಸಿದೆವು. ನಾಲ್ಕನೆಯದನ್ನು ಕೊರೆಸಿದ್ದು 2017ರಲ್ಲಿ. ಮಗಳ ಮದುವೆಗೆಂದು ನಾನು ಕೂಡಿಟ್ಟಿದ್ದ ಹಣವನ್ನು ಅದಕ್ಕೆ ಕೊಟ್ಟಿದ್ದೆ. ರಾತ್ರಿಯಿಡೀ ಲಾರಿಯ ಯಂತ್ರ ಮೊರೆಯಿತು. ಸಾವಿರದ ಐವತ್ತು ಅಡಿಯವರೆಗೆ ಬಿಳಿಯ ಧೂಳಲ್ಲದೆ ಬೇರೇನೂ ಮೇಲೆ ಬರಲಿಲ್ಲ. ಆ ಬೇಸಿಗೆಯಲ್ಲಿ ಟ್ಯಾಂಕರಿನ ನೀರು ಹೊಯ್ದು ಮರಗಳನ್ನು ಉಳಿಸಲು ತಮ್ಮ ಹೆಣಗಿದನು. ಮುಂದಿನ ವರುಷ ತೆಂಗಿನ ಸುಳಿಗಳು ಒಂದೊಂದಾಗಿ ಬಾಗಿದವು. ಇಪ್ಪತ್ತು ವರುಷದ ತೋಟವನ್ನು ಕಡಿಸಿ ಮಾರಿದ ದಿನ ಅವನು ಊಟ ಮಾಡಲಿಲ್ಲವೆಂದು ನಾದಿನಿ ಹೇಳಿದಳು. ಅಂದಿನಿಂದ ಅವನ ಆರೋಗ್ಯವೂ ಇಳಿಮುಖವಾಯಿತು. ಬೇಸಾಯದ ಭಾರವೆಲ್ಲ ಈಗ ಮಗನ ಮೇಲೆ.

ಇದರೊಡನೆ ಮತ್ತೊಂದು ಮಾತನ್ನೂ ಹೇಳಿಬಿಡಬೇಕು. 2017ರಲ್ಲಿಯೇ ಊರಿನ ಹಿರಿಯರು ಕೆರೆಯ ಹೂಳು ತೆಗೆಸಲು ವಂತಿಗೆ ಕೇಳಿಕೊಂಡು ನನ್ನಲ್ಲಿಗೆ ಬಂದಿದ್ದರು. ಕೈಯಲ್ಲಿ ಹಣವಿಲ್ಲವೆಂದು ಹೇಳಿ ಸಾವಿರದ ಒಂದು ರೂಪಾಯಿ ಕೊಟ್ಟು ಕಳುಹಿಸಿದ್ದೆ. ಅದೇ ತಿಂಗಳಲ್ಲಿ ಅದರ ನೂರಾರು ಪಾಲು ಹಣ ಧೂಳಾಗಿ ಹೋಯಿತು.

ಈಗ ತಮ್ಮನ ಮಗನ ಬಯಕೆ ಹೀಗಿತ್ತು. "ದೊಡ್ಡಪ್ಪ, ಹೊಸ ಬೋರಿನಲ್ಲಿ ಮುನ್ನೂರು ಅಡಿಗೇ ನೀರು ಬಂದಿದೆ. ವಾಣಿವಿಲಾಸ ತುಂಬಿದೆ. ಭದ್ರಾ ಕಾಲುವೆಯೂ ಬರುತ್ತದೆ. ನಾಲ್ಕು ಎಕರೆ ಅಡಿಕೆ ಇಡೋಣ. ಜಮೀನು ಇನ್ನೂ ಪಾಲಾಗಿಲ್ಲವಲ್ಲ, ಸಾಲಕ್ಕೆ ನಿಮ್ಮ ಸಹಿಯೂ ಬೇಕು." ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಇಬ್ಬರು ಮಕ್ಕಳನ್ನು ಓದಿಸಬೇಕಾದವನು ಸಾವೆ ಬೆಳೆದು ಏನು ಮಾಡಿಯಾನು? ಜಾತ್ರೆ ಮುಗಿಸಿಕೊಂಡು ಬಂದು ಸಹಿ ಮಾಡುವೆನೆಂದು ಹೇಳಿ ಸಂಜೆ ಕೆರೆಯ ಕಡೆಗೆ ನಡೆದೆ.

ಅಲ್ಲಿ ನಮ್ಮೂರ ಹಳೆಯ ನೀರುಗಂಟಿಯ ಮಗ ದನ ಮೇಯಿಸುತ್ತಿದ್ದನು. ಅವನಿಗೂ ಎಪ್ಪತ್ತು ದಾಟಿದೆ. ಸುತ್ತ ಮಳೆಯಾಗಿದ್ದರೂ ಕೆರೆಯ ಅಂಗಳದಲ್ಲಿ ಕಾಲುಭಾಗವೂ ನೀರಿರಲಿಲ್ಲ. ಉಳಿದುದೆಲ್ಲ ಬಳ್ಳಾರಿ ಜಾಲಿ. ಮಳೆ ಸಾಲದಾಯಿತೇ ಎಂದು ಕೇಳಿದೆ. ಅವನು ಕೋಲನ್ನು ಮೇಲಕ್ಕೆ ಚಾಚಿ, "ಪಂಡಿತರೇ, ಮಳೆರಾಯನ್ನ ಬೈಬೇಡಿ. ಕೆರೆಗೆ ನೀರು ಬರೋ ದಾರಿ ನಿಮ್ಮ ಹೊಲದೊಳಗೇ ಐತೆ" ಎಂದನು.

ಹೋಗಿ ನೋಡಿದೆ. ಬಾಲ್ಯದಲ್ಲಿ ನಾವು ನಾಲ್ಕು ಮಂದಿ ಹುಡುಗರು ಸಾಲಾಗಿ ನಡೆಯುತ್ತಿದ್ದ ಹಳ್ಳದ ಕಾಲುವೆ ಈಗ ಒಂದು ಹೆಜ್ಜೆಯ ಅಗಲಕ್ಕೆ ಬಂದಿದೆ. ಉಳಿದ ಭಾಗ ನಮ್ಮ ಹೊಲದೊಳಗೆ ಸೇರಿಹೋಗಿದೆ. ಯಾರೂ ಒಂದೇ ದಿನ ಒತ್ತಿದ್ದಲ್ಲ. ನಮ್ಮ ತಂದೆ ವರುಷಕ್ಕೊಂದು ನೇಗಿಲ ಸಾಲನ್ನು ಮುಂದಕ್ಕೆ ಹೊಡೆದರು. ತಮ್ಮ ಅದನ್ನೇ ಮುಂದುವರಿಸಿದನು. ಟ್ರ್ಯಾಕ್ಟರು ಬಂದ ಮೇಲೆ ಬದುವೇ ಉಳಿಯಲಿಲ್ಲ. ಆ ಹೊಲದ ರಾಗಿಯನ್ನು ನಾನೂ ಉಂಡಿದ್ದೇನೆ.

ಮಾರಿಕಣಿವೆಯ ದಂಡೆಯಲ್ಲಿ

ಮರುದಿನ ಹಿರಿಯೂರಿನ ದಾರಿ ಹಿಡಿದು ಮಾರಿಕಣಿವೆಗೆ ಹೋದೆ. ಕಣಿವೆ ಮಾರಮ್ಮನ ನೆಲೆಯಾದ್ದರಿಂದ ಆ ಹೆಸರು. ಚಂದ್ರದ್ರೋಣ ಪರ್ವತಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಆವತಿ ಎಂಬ ಎರಡು ತೊರೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಆ ನದಿಯು ಎರಡು ಬೆಟ್ಟಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿ ನುಸುಳುವ ಜಾಗದಲ್ಲಿ ಕಲ್ಲಿನ ಕಟ್ಟೆಯನ್ನು ಎತ್ತಿದ್ದಾರೆ. ಕೆಲಸ ಆರಂಭವಾದದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. ಕೆಲಸ ಆರಂಭವಾದಾಗ ರಾಜಪ್ರತಿನಿಧಿಯಾಗಿ ಮೈಸೂರು ಸಂಸ್ಥಾನವನ್ನು ನಡೆಸುತ್ತಿದ್ದ ವಾಣಿವಿಲಾಸ ಸನ್ನಿಧಾನ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಹೆಸರನ್ನೇ ಸಾಗರಕ್ಕೆ ಇಟ್ಟರು. ಇದರ ಸಾಮರ್ಥ್ಯ ಸುಮಾರು 30 ಟಿಎಂಸಿ.

ಇಷ್ಟು ದೊಡ್ಡ ಕಟ್ಟೆ ಕಟ್ಟುವ ಹಂಬಲ ಬರಗಾಲವನ್ನು ಕಂಡ ನಾಡಿನಲ್ಲಿ ಹುಟ್ಟಿದ್ದು. ನನ್ನ ಅಜ್ಜಿ ತನ್ನ ಅಜ್ಜಿಯಿಂದ ಕೇಳಿದ 'ಧಾತು ಈಶ್ವರದ ಬರ'ದ ಕಥೆಯನ್ನು ಹೇಳುತ್ತಿದ್ದಳು. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳಲ್ಲಿ, ಅಂದರೆ 1876ರಿಂದ 78ರವರೆಗೆ, ಹಬ್ಬಿದ ಮಹಾಕ್ಷಾಮವದು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಜನ ಕತ್ತಾಳೆಯ ಗೆಡ್ಡೆಯನ್ನೂ ಬೇಯಿಸಿ ತಿಂದರೆಂದು ಅಜ್ಜಿ ಹೇಳುವಾಗ ನಮ್ಮ ತಟ್ಟೆಯಲ್ಲಿ ಅನ್ನದ ಅಗುಳು ಉಳಿಯುತ್ತಿರಲಿಲ್ಲ.

ಕಟ್ಟೆಯ ಮೇಲಿಂದ ನೋಡಿದರೆ ಬೆಟ್ಟದ ಬುಡದವರೆಗೆ ನೀಲಿಯ ನೀರು. ಸುತ್ತಲೂ ಜನ, ಮಕ್ಕಳು, ಫೋಟೋ ತೆಗೆಸಿಕೊಳ್ಳುವ ಸಂಭ್ರಮ. ಪಕ್ಕದಲ್ಲಿ ನಿಂತಿದ್ದ ಒಬ್ಬ ರೈತರು, "ಇನ್ನು ನಮಗೆ ಬರದ ಭಯ ಇಲ್ಲ ಬಿಡಿ ಸ್ವಾಮಿ" ಎಂದರು. ನಾನು ತಲೆಯಾಡಿಸಿದೆನಾದರೂ ಮನಸ್ಸು ಲೆಕ್ಕ ಹಾಕುತ್ತಿತ್ತು. ಈ ಸಾಗರ 1933ರಲ್ಲೊಮ್ಮೆ ಕೋಡಿ ಬಿದ್ದಿತ್ತು. ಎರಡನೆಯ ಬಾರಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ ಎಂಬತ್ತೊಂಬತ್ತು ವರುಷ! ನಮ್ಮ ತಂದೆ ಕೋಡಿಯ ಸುದ್ದಿಯನ್ನು ಕಥೆಯಾಗಿ ಕೇಳಿದ್ದರೇ ಹೊರತು ಬದುಕಿರುವವರೆಗೂ ಮತ್ತೊಂದನ್ನು ಕಾಣಲಿಲ್ಲ. ನಮ್ಮ ತೋಟ ಒಣಗಿದ ವರುಷಗಳಲ್ಲಿ ಇದೇ ಸಾಗರದ ಅಂಗಳ ಬಿರುಕು ಬಿಟ್ಟಿತ್ತು. 2019ರಿಂದ ಈಚೆಗೆ ಭದ್ರೆಯ ನೀರನ್ನು ಎತ್ತಿ ವೇದಾವತಿಗೆ ಬಿಡುತ್ತಿರುವುದರಿಂದಲೂ, ಒಳ್ಳೆಯ ಮಳೆಗಳು ಕೂಡಿಬಂದುದರಿಂದಲೂ ಈ ತುಂಬು ದೊರೆತಿದೆ.

ತುಂಬಿದ ಪಾತ್ರೆಯ ಬೆಲೆ ತಿಳಿದದ್ದು 2023ರಲ್ಲಿ. ಆ ವರುಷ ಶಾಂತಸಾಗರದ ನೀರು ಬಿಸಿಯಾಗುವ ಎಲ್ ನಿನೋ ಕಾಣಿಸಿಕೊಂಡು ನಮ್ಮ ಮುಂಗಾರು ಸೊರಗಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಸಾರಿತು. ಹೊಲಗಳು ಒಣಗಿದರೂ, 2022ರಲ್ಲಿ ಕೂಡಿದ್ದ ಇದೇ ನೀರು ಚಿತ್ರದುರ್ಗ, ಹಿರಿಯೂರುಗಳ ಕುಡಿಯುವ ನೀರಿಗೆ ಆಸರೆಯಾಯಿತು. ಬರದ ವರುಷವನ್ನು ದಾಟಿಸಿದ್ದು ಅದರ ಹಿಂದಿನ ಒಳ್ಳೆಯ ವರುಷದ ಸಂಗ್ರಹ.

ದುರ್ಗದ ಹೊಂಡಗಳು

ಮೂರನೆಯ ದಿನ ಮುಂಜಾನೆ ದುರ್ಗದ ಕೋಟೆಯನ್ನು ಹತ್ತಿದೆ. ಏಳು ಸುತ್ತಿನ ಕೋಟೆಯನ್ನು ಎಲ್ಲರೂ ಶೌರ್ಯದ ಕಣ್ಣಿನಿಂದ ನೋಡುತ್ತಾರೆ, ನೋಡಬೇಕಾದದ್ದೇ. ಅಂದು ನಾನು ನೋಡಲು ಹೋದದ್ದು ಹೊಂಡಗಳನ್ನು. ಈ ಬಂಡೆಗಲ್ಲಿನ ಬೆಟ್ಟದ ಮೇಲೆ ನದಿಯೂ ಇಲ್ಲ, ಹಳ್ಳವೂ ಇಲ್ಲ. ಬಂಡೆಗಳ ಮೇಲೆ ಬಿದ್ದ ಮಳೆಯೇ ಇಲ್ಲಿಯ ನೀರು. ಅದನ್ನು ಗೋಪಾಲಸ್ವಾಮಿ ಹೊಂಡದಲ್ಲಿ ನಿಲ್ಲಿಸಿದರು. ಅದು ತುಂಬಿ ಹೆಚ್ಚಾದದ್ದು ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ ಇಳಿಯುವಂತೆ ಏರ್ಪಡಿಸಿದರು. ಮೇಲಿನವರು ತಮ್ಮ ಪಾಲು ಪಡೆದು ಉಳಿದುದಕ್ಕೆ ದಾರಿ ಬಿಟ್ಟರೆ ಮಾತ್ರ ಕೆಳಗಿನವರಿಗೆ ನೀರು. ಮೇಲಿನ ಹೊಂಡದವರು ಕೋಡಿಯನ್ನು ಮುಚ್ಚಿಕೊಂಡಿದ್ದರೆ ಊರು ಬದುಕುತ್ತಿರಲಿಲ್ಲ. ಅಲ್ಲಿ ನಿಂತಾಗ ನನ್ನ ಹೊಲದೊಳಗೆ ಸೇರಿಹೋದ ಕಾಲುವೆ ಮತ್ತೆ ಕಣ್ಮುಂದೆ ಬಂದಿತು.

ಒನಕೆ ಓಬವ್ವ ಶತ್ರುವನ್ನು ಕಂಡದ್ದು ಕೂಡ ಗಂಡ ಉಣ್ಣುತ್ತಿದ್ದಾಗ ಕುಡಿಯುವ ನೀರು ತರಲು ಹೋದ ವೇಳೆಯಲ್ಲಿ ಎಂದು ಜನ ಹೇಳುತ್ತಾರೆ. ಅವಳು ನೀರು ತರಲು ಹೋದ ತಣ್ಣೀರು ದೋಣಿಯನ್ನು ಇಂದಿಗೂ ತೋರಿಸುತ್ತಾರೆ.

ಅಲ್ಲಿಯೇ ಕುಳಿತಾಗ ನನ್ನ ವಿದ್ಯಾರ್ಥಿ ದೆಸೆ ನೆನಪಾಯಿತು. 1972ರ ಬರದಲ್ಲಿ ನಾನು ಮಠದ ಪ್ರಸಾದ ನಿಲಯದಲ್ಲಿ ಓದುತ್ತಿದ್ದ ಹುಡುಗ. ಬಾವಿಯ ತಳ ಕಂಡಿತ್ತು. ಪೂಜ್ಯರು ನಮ್ಮನ್ನೆಲ್ಲ ಕೂರಿಸಿ, ಪ್ರತಿಯೊಬ್ಬರಿಗೂ ಸ್ನಾನಕ್ಕೆ ನಾಲ್ಕು ಚೊಂಬು ನೀರೆಂದು ನಿಗದಿಮಾಡಿದರು. ತಮಗೂ ನಾಲ್ಕೇ ಎಂದರು. ಮುಖ ತೊಳೆದ ನೀರು ಬಿಲ್ವದ ಬುಡಕ್ಕೆ, ತಟ್ಟೆ ತೊಳೆದ ನೀರು ದನಗಳ ಕಲಗಚ್ಚಿಗೆ. ಮುಂದಿನ ವರುಷ ಮಳೆ ಬಂದು ಬಾವಿ ತುಂಬಿತು. ಇನ್ನು ಬೇಕಾದಷ್ಟು ಸುರಿದುಕೊಳ್ಳಬಹುದೆಂದು ನಾವು ಕುಣಿದಾಡಿದೆವು. ಪೂಜ್ಯರು ಆಗಲೂ ನಾಲ್ಕೇ ಚೊಂಬು ಎಂದರು! ಹುಡುಗರಿಗೆ ಅದು ಜಿಪುಣತನವೆಂದು ತೋರಿತು. ನೀರಿದ್ದಾಗ ಅಳತೆಯನ್ನು ಇಟ್ಟುಕೊಳ್ಳುವುದು ಅವರ ಬೋಧನೆಯಾಗಿತ್ತೆಂದು ಅರ್ಥವಾಗಲು ನನಗೆ ಐವತ್ತು ವರುಷ ಬೇಕಾಯಿತು.

ನಾಯಕನಹಟ್ಟಿಯ ಕೆರೆಗಳು

ಮಧ್ಯಾಹ್ನಕ್ಕೆ ನಾಯಕನಹಟ್ಟಿಯನ್ನು ಮುಟ್ಟಿದೆ. ಚಳ್ಳಕೆರೆ ತಾಲ್ಲೂಕಿನ ಈ ಊರಿನ ಶ್ರೀ ಗುರು ತಿಪ್ಪೇರುದ್ರಸ್ವಾಮಿಗಳ ಜಾತ್ರೆಗೆ ಜಾತಿ ಮತಗಳ ಎಣಿಕೆಯಿಲ್ಲದೆ ಜನ ಸೇರುತ್ತಾರೆ. ಒಳಮಠ, ಹೊರಮಠಗಳ ಮುಂದೆ ಹರಕೆಯ ಒಣಕೊಬ್ಬರಿ ಸುಡುವ ಹೊಗೆ ಊರನ್ನೆಲ್ಲ ತುಂಬಿತ್ತು. ಬುತ್ತಿ ಕಟ್ಟಿಕೊಂಡು ನಡೆದೇ ಬಂದವರು ಮರದ ನೆರಳಿನಲ್ಲಿ ವಿಶ್ರಮಿಸುತ್ತಿದ್ದರು.

ಸ್ವಾಮಿಗಳ ಮಹಿಮೆಯನ್ನು ಹೇಳುವ ಕಥೆಗಳು ಹಲವು. ಆದರೆ ಈ ಬರದ ಸೀಮೆಯ ಜನ ಅವರನ್ನು ಮುಖ್ಯವಾಗಿ ನೆನೆಯುವುದು ಕೆರೆ ಕಟ್ಟಿಸಿದ ಪುರುಷರೆಂದು. ಅವರು ಐದು ಕೆರೆಗಳನ್ನು ಕಟ್ಟಿಸಿದರೆಂದು ಪರಂಪರೆ ಹೇಳುತ್ತದೆ. ಹಿರೆಕೆರೆ, ಚಿಕ್ಕಕೆರೆಗಳು ಅವುಗಳಲ್ಲಿ ಪ್ರಸಿದ್ಧ. "ಮಾಡಿದಷ್ಟು ನೀಡು ಭಿಕ್ಷೆ" ಎಂಬುದು ಅವರ ವಾಣಿಯೆಂದು ಮನೆಮನೆಯಲ್ಲಿ ಹೇಳುತ್ತಾರೆ. ಕೆರೆಯ ಕೆಲಸಕ್ಕೆ ಬಂದವರಿಗೆ ದುಡಿದಷ್ಟಕ್ಕೆ ತಕ್ಕ ಕೂಲಿ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ ಎಂದು ಜನ ಅದನ್ನು ವಿವರಿಸುತ್ತಾರೆ. ಹಸಿದವನಿಗೆ ಬರಿಯ ಅನ್ನ ಹಾಕಿ ಕಳುಹಿಸದೆ, ಅವನ ಕೈಗೆ ಗುದ್ದಲಿ ಕೊಟ್ಟು ಊರಿಗೆ ಕೆರೆ, ಅವನಿಗೆ ಕೂಲಿ ಎರಡನ್ನೂ ದೊರಕಿಸಿದ ವಿವೇಕವಿದು. ಕಾಯಕ ದಾಸೋಹಗಳನ್ನು ಇದಕ್ಕಿಂತ ಸರಳವಾಗಿ ತೋರಿಸುವುದು ಕಷ್ಟ.

ಸೊನ್ನಲಿಗೆಯ ಸಿದ್ಧರಾಮೇಶ್ವರರೂ ಹನ್ನೆರಡನೆಯ ಶತಮಾನದಲ್ಲಿ ಕೆರೆ ಕಟ್ಟಿಸಿದವರೇ. ನಮ್ಮ ಶಾಸನಗಳಲ್ಲಿ ಕೆರೆ ಕಟ್ಟಿದವರ ಹೆಸರಿನೊಡನೆ, ಅದನ್ನು ಕಾಪಾಡಲು ಬಿಟ್ಟ ಭೂಮಿಯ ಉಲ್ಲೇಖವೂ ಬರುತ್ತದೆ. 'ಬಿತ್ತುವಟ್ಟ' ಎಂದು ಅದಕ್ಕೆ ಹೆಸರು. ಕಟ್ಟಿದರೆ ಸಾಲದು, ವರುಷ ವರುಷ ಹೂಳು ತೆಗೆಯಬೇಕು, ತೂಬು ಕೋಡಿಗಳನ್ನು ನೋಡಿಕೊಳ್ಳಬೇಕು ಎಂಬುದನ್ನು ಅವರು ಮೊದಲೇ ಬಲ್ಲವರಾಗಿದ್ದರು. ಅಂದು ಸಂಜೆಯ ಉಪನ್ಯಾಸಕ್ಕೆ ನಾನು ಸಿದ್ಧಪಡಿಸಿಕೊಂಡಿದ್ದ ವಿಷಯ ಬೇರೆ ಇತ್ತು. ಅದನ್ನು ಬಿಟ್ಟು ಈ ಕೆರೆಗಳ ಮಾತನ್ನೇ ಆಡಿದೆ. ನಮ್ಮ ಹೊಲದ ಕಾಲುವೆಯ ಸಂಗತಿಯನ್ನು ಹೇಳಬೇಕೆಂದು ನಾಲಿಗೆಯ ತುದಿಯವರೆಗೆ ಬಂದಿತು. ಸಭೆಯಲ್ಲಿ ಹೇಳುವ ಧೈರ್ಯ ಬರಲಿಲ್ಲ. ಈ ಲೇಖನದಲ್ಲಿ ಹೇಳಿದ್ದೇನೆ.

ಮುಂದಿನ ದಿನಗಳು

ಹಾಗಾದರೆ ಈ ಸೀಮೆಯ ಮುಂದಿನ ಗತಿಯೇನು? ಭದ್ರಾ ಮೇಲ್ದಂಡೆ ಯೋಜನೆಯ ಮೇಲೆ ಎಲ್ಲರ ಕಣ್ಣಿದೆ. 29.90 ಟಿಎಂಸಿ ನೀರಿನಿಂದ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಎರಡೂಕಾಲು ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ ಒದಗಿಸಿ 367 ಕೆರೆಗಳನ್ನು ತುಂಬಿಸುವ ಉದ್ದೇಶ ಅದರದು. 2023ರ ಕೇಂದ್ರ ಆಯವ್ಯಯದಲ್ಲಿ 5,300 ಕೋಟಿ ರೂಪಾಯಿ ನೆರವಿನ ಘೋಷಣೆಯೂ ಆಯಿತು. ಇತ್ತ ಜಗಳೂರಿನ 57 ಕೆರೆಗಳಿಗೂ ಭರಮಸಾಗರದ ಕಡೆಯ 43 ಕೆರೆಗಳಿಗೂ ತುಂಗಭದ್ರೆಯ ನೀರು ಹರಿಸುವ ಯೋಜನೆಗಳಿಗೆ ಸಿರಿಗೆರೆಯ ಶ್ರೀಮಠದ ಒತ್ತಾಸೆ ದೊರೆತದ್ದು ಸರ್ವವಿದಿತ. ಇವೆಲ್ಲ ಬರಲಿ, ಬೇಗ ಬರಲಿ.

ಆದರೆ ಒಂದನ್ನು ಮರೆಯುವಂತಿಲ್ಲ. ತರುವ ನೀರಿಗೂ ಮಳೆಯೇ ಮೂಲ. ಮಲೆನಾಡಿನಲ್ಲಿ ಮಳೆ ತಪ್ಪಿದ ವರುಷ ಭದ್ರೆಯಾದರೂ ಎಲ್ಲಿಂದ ಕೊಟ್ಟಾಳು? ಭೂಮಿಯ ಬಿಸಿ ಏರಿದಂತೆ ಮಳೆಯ ನಡೆಯೂ ಬದಲಾಗುತ್ತಿದೆ. ನಾಲ್ಕು ದಿನದ ಮಳೆ ಒಂದೇ ದಿನ ಸುರಿಯುತ್ತದೆ. ನಡುವಿನ ಒಣದಿನಗಳು ಉದ್ದವಾಗುತ್ತವೆ. ಅಂತಹ ಮಳೆಯನ್ನು ಹಿಡಿದಿಡಲು ಸರಿಯಾದ ಕಾಲುವೆ, ಹೂಳಿಲ್ಲದ ಕೆರೆ ಬೇಕು. ನೆಲದಡಿಯ ನೀರಿನ ಲೆಕ್ಕವೂ ಹೀಗೆಯೇ. ನಮ್ಮದು ಗಟ್ಟಿಯಾದ ಬಂಡೆಯ ನೆಲ. ಅದರ ಬಿರುಕುಗಳಲ್ಲಿ ಇರುವಷ್ಟೇ ನೀರು. ಆಳಕ್ಕೆ ಹೋದಂತೆ ಬಿರುಕುಗಳೂ ಕಡಿಮೆ. ಈ ಭಾಗದ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡು ಮಿತಿಮೀರಿ ಮಕ್ಕಳ ಹಲ್ಲಿನಲ್ಲಿ ಕಲೆ, ಹಿರಿಯರ ಮೂಳೆಗಳಲ್ಲಿ ನೋವು ಕಾಣಿಸಿಕೊಂಡಿದೆ. ಇಂದು ಮುನ್ನೂರು ಅಡಿಗೆ ಬಂದ ನೀರು ನಾಲ್ಕಾರು ಒಳ್ಳೆಯ ಮಳೆಗಾಲಗಳು ಕೂಡಿಟ್ಟ ಗಂಟು. ಅದನ್ನು ನಂಬಿ ಪ್ರತಿಯೊಬ್ಬರೂ ನಾಲ್ಕು ನಾಲ್ಕು ಎಕರೆ ಅಡಿಕೆ ಇಟ್ಟರೆ ಮುಂದಿನ ಬರವನ್ನು ನಾವೇ ಬಿತ್ತಿದಂತೆ.

ನಾಲ್ಕನೆಯ ದಿನ ಊರಿಗೆ ಮರಳಿ ತಮ್ಮನ ಮಗನಿಗೆ ಇದನ್ನೆಲ್ಲ ಹೇಳಿದೆ. ಸಹಿ ಮಾಡುತ್ತೇನೆ, ಆದರೆ ಅಡಿಕೆ ಎರಡೇ ಎಕರೆಗಿರಲಿ. ಉಳಿದುದರಲ್ಲಿ ರಾಗಿ, ಸಾವೆ, ತೊಗರಿ ಇರಲಿ. ಎಲ್ಲಕ್ಕೂ ಮೊದಲು ಕಾಲುವೆಯ ಜಾಗ ಬಿಟ್ಟುಬಿಡೋಣ ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ದೊಡ್ಡಪ್ಪ, ಮೇಲಿನ ಹೊಲದವರೂ ಒತ್ತಿದ್ದಾರೆ. ನಾವೊಬ್ಬರು ಬಿಟ್ಟರೆ ಕೆರೆ ತುಂಬುತ್ತದೆಯೇ?" ಎಂದನು.

"ತುಂಬಲಿಕ್ಕಿಲ್ಲಪ್ಪ. ಆದರೆ ಅವರನ್ನು ಕೇಳುವ ಬಾಯಿ ನಮಗೆ ಬರುತ್ತದೆ" ಎಂದೆ.

ಒಳಗೆ ಮಲಗಿದ್ದ ತಮ್ಮ ಮಾತನ್ನೆಲ್ಲ ಕೇಳಿಸಿಕೊಂಡಿದ್ದನು. "ಅಣ್ಣ ಹೇಳಿದಂಗೆ ಮಾಡು. ಅದು ನಮ್ಮ ಜಾಗ ಅಲ್ಲ" ಎಂದಷ್ಟೇ ಅಂದನು. ಆ ಮಾತು ಅವನ ಬಾಯಿಂದ ಬರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು.

ಮುಂಗಾರಿಗೆ ಮೊದಲು ಅಳತೆ ಮಾಡಿಸಿ ನಮ್ಮ ಹೊಲದ ಉದ್ದಕ್ಕೂ ಕಾಲುವೆಯನ್ನು ತೆರೆಸಿದೆವು. ಮೇಲಿನವರಲ್ಲಿ ಒಬ್ಬರು ತಾವಾಗಿಯೇ ಬಿಟ್ಟುಕೊಟ್ಟರು. ಇಬ್ಬರು ಇನ್ನೂ ಒಪ್ಪಿಲ್ಲ. ಕೆರೆ ಕೋಡಿ ಬಿದ್ದಿತೆಂದು ಬರೆಯಲು ನನಗೂ ಆಸೆ, ಅದಿನ್ನೂ ಆಗಿಲ್ಲ. ಆದರೆ ಮೊದಲ ಹದ ಮಳೆಯ ದಿನ ಹಳೆಯ ನೀರುಗಂಟಿಯ ಮಗ ಕೋಲೂರಿಕೊಂಡು ಕಾಲುವೆಯ ದಡದ ಮೇಲೆ ನೀರಿನ ಜೊತೆಗೇ ಕೆರೆಯವರೆಗೆ ನಡೆದುಹೋದನೆಂದು ತಮ್ಮನ ಮಗ ಫೋನಿನಲ್ಲಿ ಹೇಳಿದನು.

ಬಂಧುಗಳೇ, ಬರ ಬಂದಾಗ ಗೋಶಾಲೆ, ಗಂಜಿಕೇಂದ್ರಗಳಿಗೆ ನಾವೆಲ್ಲ ಕೈಲಾದುದನ್ನು ಕೊಡುತ್ತೇವೆ. ಅದು ನಿಲ್ಲದಿರಲಿ. ಅದರೊಡನೆ, ಮಳೆ ಚೆನ್ನಾಗಿ ಬಂದ ವರುಷವೊಂದರಲ್ಲಿ ಒಂದು ಸಂಜೆ ನಿಮ್ಮೂರ ಕೆರೆಯ ಏರಿಯ ಮೇಲೆ ನಿಂತು, ಅದಕ್ಕೆ ನೀರು ಬರುವ ದಾರಿ ಎಲ್ಲೆಲ್ಲಿ ತಡೆದಿದೆಯೆಂದು ಮನೆಯ ಮಕ್ಕಳೊಡನೆ ನಡೆದು ನೋಡಿ. ಆ ದಾರಿ ನಮ್ಮ ಹೊಲದೊಳಗೆ ಬಂದಂತೆ ನಿಮ್ಮ ಹೊಲದೊಳಗೂ ಬಂದೀತು. ಬಂದರೆ ನಾಚಬೇಡಿ, ಅಗೆದು ತೆರೆಯಿರಿ.